ಐದಕ್ಷರದ ಜಾಗ

ಮೊಳೆ ಜೋಡಿಸುವವನು ನಾನು,
ಅಕ್ಷರವನ್ನು ಬೆನ್ನಿನ ಕಡೆಯಿಂದ ಓದಿ ಬೆಳೆದವನು.
ತುಮಕೂರಿನ ಚಿಕ್ಕಪೇಟೆ, ಓಣಿಯ ಕೊನೆಗೆ ಅಡವೀಶಯ್ಯನವರ ಪ್ರೆಸ್ಸು.
ಹಗಲಲ್ಲಿ ಲಗ್ನಪತ್ರಿಕೆ, ತಿಥಿಯ ಕಾಗದ, ಕಡಲೆಕಾಯಿ ಮಂಡಿಯ ಬಿಲ್ಲು;
ಚಳವಳಿ ಕಾವೇರಿದ ಮೇಲೆ, ರಾತ್ರಿ ಹೊತ್ತು, ಕರಪತ್ರ.

ರಾತ್ರಿಯ ಗಿರಾಕಿಗಳಿಗೆ ಹೆಸರಿರಲಿಲ್ಲ.
ಒಬ್ಬ ಕ್ಯಾತ್ಸಂದ್ರದ ಕಡೆಯಿಂದ, ಸೈಕಲ್ಲಿನ ದೀಪ ಆರಿಸಿಕೊಂಡು.
ಇನ್ನೊಬ್ಬ ಹಿತ್ತಲ ಬಾಗಿಲಿಗೆ,
ಪೊಲೀಸು ಬೂಟಿನ ಮೇಲೆ ಪಂಚೆ ಇಳಿಬಿಟ್ಟು.
ಇಬ್ಬರಿಗೂ ಅದೇ ಚಾಪೆ, ಅದೇ ಲೋಟ,
ಅದೇ ಪೆಟ್ಟಿಗೆಯ ಮೊಳೆ.
ಮಸಿಗೆ ಯಾವ ಪಕ್ಷವೋ, ಅನ್ನುತ್ತಿದ್ದರು ಅಡವೀಶಯ್ಯ.

ಅದೊಂದು ಗುರುವಾರ. ದೀಪ ಹಚ್ಚುವ ಹೊತ್ತಿಗೆ ಬಂದ ಹಾಳೆ:
"ನಿನ್ನೆ ರಾತ್ರಿ ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದು"
ಬೆರಳು ನಿಂತಿತು.
ನಿನ್ನೆ ರಾತ್ರಿ ಊರಲ್ಲಿ ನಾಯಿ ಕೂಡ ಬೊಗಳಿರಲಿಲ್ಲ.
ಮುಂದಿನ ಸಾಲು: "ಅಸು ನೀಗಿದ",
ಆಮೇಲೆ ಖಾಲಿ.
ಇಲ್ಲಿ ಏನು ಹಾಕಲಿ ಸ್ವಾಮಿ?
ಐದಕ್ಷರದ ಜಾಗ ಬಿಡು, ಬೆಳಿಗ್ಗೆ ಹೇಳ್ತೀವಿ.

ಬಿಟ್ಟೆ.
ಸೀಸದ ಬೋಳು ತುಂಡುಗಳನ್ನು ಸಾಲಿಗೆ ತೂರಿಸಿ ಬಿಗಿ ಮಾಡಿದೆ.
ಆ ಜಾಗದ ಅಗಲ ನನ್ನ ಹೆಬ್ಬೆರಳಿಗೆ ಇವತ್ತಿಗೂ ಗೊತ್ತು.
ಮನೆಗೆ ಹೋಗಿ ಮುದ್ದೆ ಉಂಡೆ.
ಹೆಂಡತಿ ಮಾತಾಡಿಸಿದರೆ ಹಲ್ಲುನೋವು ಅಂದೆ.
ಮಲಗಿಕೊಂಡೇ ನಿಲ್ದಾಣದವರೆಗೆ ಹೆಜ್ಜೆ ಎಣಿಸಿದೆ.
ಒಂದು ಮಾತು ಹೇಳಬಹುದಿತ್ತು.
ಯಾರಿಗೆ? ಸೈಕಲ್ಲಿನವನಿಗೋ, ಬೂಟಿನವನಿಗೋ?
ಹಾಳೆ ತಂದವನು ಇಬ್ಬರಲ್ಲಿ ಯಾವನೆಂದು ಕೇಳಬೇಡಿ,
ಅವತ್ತು ಬಂದವನು ಮೂರನೆಯವನು.
ಹೊಸ ಚಪ್ಪಲಿ. ಒಳ್ಳೆ ಮನೆತನದ ಮಾತು.

ಹನ್ನೊಂದೂಕಾಲಿಗೆ ಹೆಂಚು ಅದುರಿದವು.

ಬೆಳಿಗ್ಗೆ ಹೆಸರು ಬಂತು: ಸೀಬಯ್ಯ.
ನಿಲ್ದಾಣದ ಲಾಂದ್ರಗಳಿಗೆ ಸೀಮೆಎಣ್ಣೆ ಹಾಕುತ್ತಿದ್ದವನು,
ಬತ್ತಿ ಕತ್ತರಿಸುವ ಪುಟ್ಟ ಕತ್ತರಿಯನ್ನು
ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದವನು.
ಮೂರೇ ಅಕ್ಷರ. ಜಾಗ ಮಿಕ್ಕಿತು.

ಸೈಕಲ್ಲಿನವನು ಹೇಳಿದ: "ವೀರ" ಅಂತ ಸೇರಿಸು.
ಬೂಟಿನವನು ಹೇಳಿದ: "ಖೂನಿ" ಅಂತ ಹಾಕು.
ಎರಡೂ ಸರಿಯಾಗಿ ಕೂತವು.
ಸಿಡಿಸಿದವರು ಯಾರು ಅನ್ನುವ ಒಂದು ಸಾಲು ಬದಲಿಸಿದೆ, ಮಿಕ್ಕದ್ದು ಮುಟ್ಟಲಿಲ್ಲ.

ಯ ಒತ್ತಿನ ಬಾಲ ಮುರಿದಿತ್ತು,
ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಅದೊಂದೇ.
ಮಂಡಿಪೇಟೆಯ ಈ ಗೋಡೆಯಲ್ಲಿ ವೀರ, ಎದುರು ಗೋಡೆಯಲ್ಲಿ ಖೂನಿ,
ಎರಡು ಕಡೆಯೂ ಅದೇ ಮೋಟು ಬಾಲ.
ಊರಿಗೆ ಊರೇ ಓದಿತು.
ಒಬ್ಬರೂ ನೋಡಲಿಲ್ಲ.
ಮಧ್ಯಾಹ್ನ ಕಲ್ಲು. ಸಂಜೆ ಗೋಲಿಬಾರು. ಮೂರು ಹೆಣ,
ಅವರಿಗೆ ಯಾರೂ ಮೊದಲೇ ಜಾಗ ಬಿಟ್ಟಿರಲಿಲ್ಲ.

ಬರಬೇಕಾದ್ದು ಬಂತು. ಬಾವುಟ ಏರಿತು.
ನಾನೂ ಚಪ್ಪಾಳೆ ತಟ್ಟಿದೆ. ನಿಜವಾಗಿ ಸಂತೋಷವಾಗಿತ್ತು,
ಅದನ್ನು ಬಚ್ಚಿಟ್ಟರೆ ಇನ್ನೊಂದು ಕರಪತ್ರವಾದೀತು.
ಮೂರನೆಯವನು ವೇದಿಕೆಯ ಮೇಲಿದ್ದ,
ಅಥವಾ ಅವನ ಹಾಗಿನ ಚಪ್ಪಲಿ.

ಆಮೇಲೆ ಒಂದು ದಿನ ಸೀಬಯ್ಯನ ಹೆಂಡತಿ ಬಂದಳು,
ಸೆರಗಿನ ಗಂಟಿನಲ್ಲಿ ಎರಡೂ ಕಾಗದ.
ಓದಾಕೆ ಬರಾಕಿಲ್ಲ ಕಣಣ್ಣ.
ದೀಪಕ್ಕೆ ಎಣ್ಣೆ ಹಾಕಾಕೆ ಹೋಗಿದ್ರು ಅಂತ ಬರ್ದವ್ರಾ ಇದ್ರಲ್ಲಿ?

ಬರ್ದವ್ರೆ ತಾಯಿ, ಅಂದೆ.

ಎಲ್ಲಿ?

ಬೆರಳಿಟ್ಟು ತೋರಿಸಿದೆ:
ಹಾಳೆಯ ಕೆಳತುದಿ,
ಅಚ್ಚುಕೂಟದ ಹೆಸರಿರಬೇಕಾದ ಕಡೆ,
ಬರಿ ಕಾಗದ.

ಅವಳು ಅದನ್ನು ಹೆಬ್ಬೆರಳಲ್ಲಿ ಸವರಿದಳು.
ಅಷ್ಟೇ ಅಗಲ ಜೋಪಾನವಾಗಿ ಹರಿದುಕೊಂಡು
ಗಂಟಿಗೆ ಕಟ್ಟಿ,
ಮಿಕ್ಕದ್ದನ್ನು ನನ್ನ ಕೈಗೇ ಕೊಟ್ಟಳು.