ಆರು ಗಂಟೆಯ ನಂತರ

ಊರಿನ ಹೆಸರು ಬಾನ್.
ಕೊಠಡಿಗೆ ಕಿಟಕಿಯಿಲ್ಲ, ಬಾನು ಕಾಣದು.
ನಾವು ನಾಲ್ವರು, ಬರೆಯುವ ಪುಸ್ತಕ ಒಂದೇ:
ಇಂಗ್‌ವಿಲ್ಡ್ ಸಭೆಯ ನಡುವೆ,
ಮಾರಿಸೆಲ್ ಮೊಗಸಾಲೆಯಲ್ಲಿ,
ಕಾಫಿ ಯಂತ್ರದ ಪಕ್ಕ ಯಾವ್ಸನ್, ಚಿಲ್ಲರೆ ಹುಡುಕುವವನಂತೆ,
ನಾನು ಹಿಂದಿನ ಗೋಡೆಗೆ ಒರಗಿ.
ಅಧಿಕಾರ ಎಲ್ಲಿ ಕೂರುತ್ತದೆ, ಯಾವಾಗ ಎದ್ದು ಹೋಗುತ್ತದೆ,
ಒಬ್ಬರ ಕಣ್ಣಿಗೆ ನಿಲುಕುವ ಪ್ರಾಣಿಯಲ್ಲ ಅದು.

ಪರದೆಯ ಮೇಲೆ ಹನ್ನೊಂದನೇ ಪ್ಯಾರಾ.
ಒಮ್ಮತವಿಲ್ಲದ ಪದಕ್ಕೆಲ್ಲ ಎರಡೂ ಕಡೆ ಕಂಸ.
ನನ್ನ ನುಡಿ ಆ ಗುರುತಿಗೆ ಇಟ್ಟ ಹೆಸರು ನೆನೆದು ನಕ್ಕೆ:
ಕೂಸು ಹುಟ್ಟುವ ಮೊದಲೇ ಬಾಗಿಲಿಗೆ ಬಂದು ನಿಲ್ಲುವ ಸೋದರಮಾವ.
‘ನಷ್ಟ’ ಸೆರೆಯಲ್ಲಿದೆ. ‘ಹೊಣೆ’ ಸೆರೆಯಲ್ಲಿದೆ.
‘ಸೂಕ್ತವೆನಿಸಿದಲ್ಲಿ’ ಮಾತ್ರ
ಹೊರಗೆ ಕೈಬೀಸಿಕೊಂಡು ಓಡಾಡುತ್ತಿದೆ.

ಕೊಮೊರೊಸ್ ಎಂಬ ಹಲಗೆಯ ಹಿಂದೆ ಮೊಯ್ನೇಶಾ ಒಬ್ಬಳೇ.
ಎದುರು ಸಾಲಿನ ದೇಶಕ್ಕೆ ಎಷ್ಟು ಜನವೆಂದರೆ
ಅವರ ಕೋಟುಗಳಿಗೂ ಕುರ್ಚಿ ಸಿಕ್ಕಿದೆ.
ಅವಳೂರಿನ ಮಸಣದ ಗೋಡೆಯನ್ನು ಕಡಲು ಒಯ್ದಿತ್ತು;
ಅಜ್ಜಿಯನ್ನು ಎರಡನೇ ಸಲ ಹೂಳಿ ಬಂದವಳು.
ನಮಗೆ ಹೇಳಿದ್ದಳು, ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಸವರುತ್ತ.
ಇಲ್ಲಿ ಹೇಳಲಿಲ್ಲ. ಯಾವ ಪ್ಯಾರಾಕ್ಕೂ ಅದು ಹೊಂದುವುದಿಲ್ಲ.

ಗಂಟೆ ಆರು. ಗಾಜಿನ ಗೂಡಿನ ದುಭಾಷಿಗಳು
ದೀಪ ಆರಿಸಿ, ಚೀಲ ಹೆಗಲಿಗೇರಿಸಿ ಹೊರಟರು.
ಕೆಲಸದ ಹೊತ್ತು ಮುಗಿದಿತ್ತು, ತಪ್ಪು ಅವರದಲ್ಲ.
ಕಿವಿಯೊಳಗಿನ ಫ್ರೆಂಚ್ ಸತ್ತುಹೋಯಿತು.
‘ಇನ್ನು ಇಂಗ್ಲಿಷಿನಲ್ಲೇ ಮುಂದುವರಿಯೋಣ, ಆಕ್ಷೇಪವಿಲ್ಲ ತಾನೇ?’
ಅಧ್ಯಕ್ಷರು ಕೇಳಿದ್ದು
ಇಂಗ್ಲಿಷಿನಲ್ಲಿ.

ಆ ರಾತ್ರಿ ನಾಲ್ವರ ಟಿಪ್ಪಣಿ ಒಂದೇ ಹಾಳೆಗೆ ಬಂತು.
ಇಂಗ್‌ವಿಲ್ಡ್: ೭.೫೨. ಕೊಮೊರೊಸ್ ಮೌನ, ನಲವತ್ತು ಸೆಕೆಂಡು. ಪ್ಯಾರಾ ಪಾಸಾಯಿತು.
ಮಾರಿಸೆಲ್: ಏಳೂವರೆಗೇ ಐವರು ತಲೆಗೆ ತಲೆ ತಾಗಿಸಿ ನಿಂತಿದ್ದರು, ಹೊರಗೆ.
ಯಾವ್ಸನ್: ಒಬ್ಬ ಫೋನಿಗೆ ‘ತೆಗೆದಾಯ್ತು’ ಎಂದ,
ಕಪ್ಪಿಗೆ ಮೂರು ಚಮಚ ಸಕ್ಕರೆ ಹಾಕಿಕೊಂಡ.
ನಾನು: ಅವಳ ಬೆರಳು ನಿಘಂಟಿನಲ್ಲಿತ್ತು.

ಬರೆದದ್ದನ್ನು ಬರೆಸಿಕೊಂಡವರಿಗೆ ತೋರಿಸುವುದು ನಮ್ಮ ಕ್ರಮ.
ತೋರಿಸಿದೆವು. ಮೊಯ್ನೇಶಾ ಪೆನ್ನು ಕೇಳಿದಳು,
‘ಮೌನ’ದ ಮೇಲೆ ಅಡ್ಡಗೆರೆ ಎಳೆದಳು.
‘ಅನುವಾದ ಮಾಡುತ್ತಿದ್ದೆ. ಮಾತು ಕೈಗೆ ಬರುವಷ್ಟರಲ್ಲಿ
ಪ್ಯಾರಾ ಹೋಗಿತ್ತು.’
ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದಳು:
‘ಇದೆಲ್ಲ ಪುಸ್ತಕವಾದಾಗ ಯಾರ ಹೆಸರು ಮೊದಲು?’

ಅವಳು ಟ್ರಾಮಿಗೆ ಹೋದ ಮೇಲೆ
ನಾವು ಬಹಳ ಹೊತ್ತು ಜಗಳವಾಡಿದೆವು, ಇಂಗ್ಲಿಷಿನಲ್ಲಿ.
ಒಮ್ಮತ ಬರಲಿಲ್ಲ.
ಆ ಸಾಲನ್ನು ಸದ್ಯಕ್ಕೆ
ಕಂಸದೊಳಗೆ ಇಟ್ಟಿದ್ದೇವೆ.