ಹವಲ್ಲಿಯಲ್ಲಿ ಬ್ಯಾಟರಿ ಬದಲಿಸಿದ್ದು

ಯುದ್ಧ ಮುಗಿದ ಮರುವರ್ಷ ಕುವೈತಿಗೆ ಬಂದೆ,
ಹವಲ್ಲಿಯ ಈ ನೆಲಮಾಳಿಗೆಯ ಅಂಗಡಿಗೆ.
ಗೋಡೆಗಳಲ್ಲಿನ್ನೂ ಎಣ್ಣೆಬಾವಿಯ ಮಸಿ.
ಗಾಜಿನ ಕಪಾಟಿನೊಳಗೆ ಮಾತ್ರ
ಕರಿಯ ಪೆಟ್ಟಿಗೆಗಳ ಸಾಲು, ಮೇಲೆ ನೀಲಿ ಅಕ್ಷರ.

ಓದಲು ಬಾರದ ಮಕ್ಕಳೂ ಆ ಅಕ್ಷರಕ್ಕೆ
ಬೆರಳಿಟ್ಟು ಅಪ್ಪಂದಿರ ತೋಳು ಜಗ್ಗುತ್ತಿದ್ದರು.
ಗುರುವಾರ ಸಂಜೆ ಮೆಟ್ಟಿಲ ತುಂಬ ಚಪ್ಪಲಿ,
ಒಂದು ಆಟಕ್ಕೆ ನೂರು ಫಿಲ್ಸ್.
ಆಟ ತಡವರಿಸಿದರೆ ಕೂಗು:
"ಯಾ ಬೋನಿ, ಊದು!"
ಕ್ಯಾಸೆಟ್ ಕಿತ್ತು ಬಾಯಿಗೆ ಹಿಡಿದು ಊದಿದರೆ
ಆಟ ಎದ್ದು ಕೂರುತ್ತಿತ್ತು.
ಶಿರ್ವದಲ್ಲಿ ಅಮ್ಮನ ಒಲೆ ಊದಿದವನಿಗೆ
ಇಲ್ಲಿ ಅದೇ ಉಸಿರಿಗೆ ತಿಂಗಳಿಗೆ ಅರವತ್ತು ದಿನಾರ್.

ಆಮೇಲೆ ಕಂಪನಿಗೆ ಏನು ಹಿಡಿಯಿತೋ.
ಇದ್ದ ಪೆಟ್ಟಿಗೆಯ ಅಡಿಗೊಂದು ಪೀಠ,
ನೆತ್ತಿಗೊಂದು ಕಿರೀಟ,
ಒಂದೊಂದಕ್ಕೂ ಬೇರೆ ಬೇರೆ ಕರೆಂಟು ವಯರು!
ಕೊಂಡವರು ಬೈದು ವಾಪಸು ತಂದರು.
ಕೊನೆಗೆ ಬಂದ ಬಿಳಿ ಪೆಟ್ಟಿಗೆ ಚೆಂದವೇ ಇತ್ತು,
ಚೆಂದ ನೋಡಿ ಯಾರೂ ಜೇಬು ಬಿಚ್ಚಲಿಲ್ಲ.
ಒಂದು ದಿನ ಏಜೆಂಟನ ಫ್ಯಾಕ್ಸ್: ಇನ್ನು ಯಂತ್ರ ಇಲ್ಲ.
ಕಂಪನಿ ಈಗ ಆಟ ಮಾಡಿಕೊಡುತ್ತದಂತೆ
ನಿನ್ನೆಯ ಹಗೆಗಳ ಪೆಟ್ಟಿಗೆಗೆ,
ತನ್ನ ಗದ್ದೆ ಮಾರಿ
ಅದೇ ಗದ್ದೆಯಲ್ಲಿ ನೇಜಿ ನೆಡುವವನ ಹಾಗೆ.

ಮಾರದೆ ಉಳಿದ ಒಂದು ಬಿಳಿ ಪೆಟ್ಟಿಗೆಯ ಮೇಲೆ ಕೂತೇ
ಇಷ್ಟು ವರ್ಷ ಮಧ್ಯಾಹ್ನದ ಊಟ ಮಾಡಿದ್ದೇನೆ.
ಥರ್ಮಾಕೋಲ್ ಗಟ್ಟಿ.

ನಿನ್ನೆ ಮಿಶಾರಿ ಬಂದಿದ್ದ.
ಗಡ್ಡದಲ್ಲಿ ಎರಡು ನರೆ, ಜೊತೆಗೆ ಮಗ,
ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ಒಂದು ಕ್ಯಾಸೆಟ್.
ಫುಟ್‌ಬಾಲ್ ಲೀಗು, ಎಂಟನೇ ಪಂದ್ಯಕ್ಕೆ ನಿಂತದ್ದು.
ಎದುರಾಳಿ ಅನಸ್, ಮೂರನೇ ಮಹಡಿಯ ಫಲಸ್ತೀನಿ ಹುಡುಗ.
ಆ ಬೇಸಿಗೆ ಅವರ ಇಖಾಮಾ ಮುಂದುವರಿಯಲಿಲ್ಲ.
ಹೋದರು, ಅಮ್ಮಾನಿಗೆ, ಅಲ್ಲಿಂದ ಎಲ್ಲಿಗೋ.
(ನನ್ನದು ಮಾರ್ಚಿನವರೆಗೆ ಉಂಟು.)
"ಒಳಗಿನ ಬ್ಯಾಟರಿ ಸಾಯುತ್ತಿದೆ, ಬೋನಿ.
ಕಿತ್ತರೆ ಅವನ ಗೋಲುಗಳು ಹೋಗುತ್ತವೆ."

ನಿಜ. ನಾಣ್ಯದಷ್ಟಗಲದ ಬ್ಯಾಟರಿ;
ಕಿತ್ತ ಗಳಿಗೆ ನೆನಪೆಲ್ಲ ಖಾಲಿ.
ಒಂದು ಉಪಾಯ ಉಂಟು: ಕೀಳುವ ಮೊದಲೇ
ಹೊರಗಿನಿಂದ ಎರಡು ತಂತಿ ಕೊಟ್ಟು
ಜೀವ ಹಿಡಿದಿಟ್ಟುಕೊಳ್ಳುವುದು.
ಕೈ ನಡುಗಬಾರದು.
ನನ್ನ ಕೈಗೀಗ ಐವತ್ತೆಂಟು.

ಸೀಸದ ಹೊಗೆ ಮೂಗಿಗೆ ಬಂತು. ಮಿಶಾರಿ ಉಸಿರಾಡಲಿಲ್ಲ.
ಅವನ ಮಗ ಟೀವಿಯ ಗಾಜನ್ನು ಬೆರಳಲ್ಲಿ ತಳ್ಳಿ ನೋಡಿದ,
ಏನೂ ಜರುಗದೆ ಫೋನಿಗೆ ಮರಳಿದ.

ಬೂದು ಪರದೆ. ಮಿಣುಕು. ಮತ್ತೆ ಬೂದು.
ಆಮೇಲೆ ಪಟ್ಟಿ:
ಮಿಶಾರಿ ಮೂರು, ಅನಸ್ ನಾಲ್ಕು,
ಎಂಟನೆಯದು ಆಡಬೇಕಿದೆ.

ಎರಡನೇ ಕಂಟ್ರೋಲರ್ ನನ್ನ ಕಡೆಗೆ ಸರಿಸಿ
"ನೀನು ಹಿಡಿ" ಎಂದ.
ಇಪ್ಪತ್ತೈದು ವರ್ಷ ಊದಿದ್ದೇನೆ, ಒಮ್ಮೆಯೂ ಆಡಿದವನಲ್ಲ.
ಅಲ್ಲದೆ, ಅನಸ್ ಗೆಲ್ಲುತ್ತಿದ್ದಾನೆ;
ಅವನ ಕೈಯಾಗಿ ನಾನು ಸೋತರೆ?
ಬೇಡ ಎಂದೆ.
ಅವನೂ ಒತ್ತಾಯಿಸಲಿಲ್ಲ. ಆರಿಸಿ, ಚೀಲಕ್ಕೆ ಹಾಕಿಕೊಂಡ.

ರಾತ್ರಿ ಷಟರ್ ಎಳೆಯುವಾಗ
ಜೇಬಿನಲ್ಲಿ ಆ ಹಳೆಯ ಬ್ಯಾಟರಿ ಸಿಕ್ಕಿತು.
ಚಿಕ್ಕಂದಿನಂತೆ ನಾಲಗೆಗೆ ಮುಟ್ಟಿಸಿ ನೋಡಿದೆ:
ಚುರ್ ಅಂತು,
ತುಸುವೇ.