ಉಚ್ಚರಿಸದ ಅಕ್ಷರ

ಸ್ಟ್ರೋಮ್‌ನೆಸ್ ಬಂದರಿನ ವಕೀಲರ ಕಚೇರಿಯಲ್ಲಿ
ಇಪ್ಪತ್ತಾರು ವರ್ಷದಿಂದ ಸತ್ತವರ ಕಾಗದ ಟೈಪು ಮಾಡುತ್ತೇನೆ.
ಈವತ್ತು ಒಂದು ಪದಕ್ಕೆ ಸಿಕ್ಕಿಕೊಂಡೆ.

ಎರ್ಲೆಂಡ್ ಇಸ್‌ಬಿಸ್ಟರ್, ದೋಣಿ ರಿಪೇರಿಯವನು,
ಮದುವೆಯಿಲ್ಲ, ಮಕ್ಕಳಿಲ್ಲ. ಬಿಟ್ಟುಹೋದದ್ದು
ಹದಿನಾಲ್ಕು ಅಡಿಯ ಒಂದು ದೋಣಿ, ಅದೂ ಸೋರುವುದು;
ಒಂದು ಅಕಾರ್ಡಿಯನ್, ಎರಡು ಗುಂಡಿ ಮಾತಾಡುವುದಿಲ್ಲ;
ದಕ್ಕೆಯ ಬಾಡಿಗೆ ಹನ್ನೊಂದು ತಿಂಗಳ ಬಾಕಿ.
ಎಲ್ಲವೂ ಓಸ್ಲಾ ರೆಂಡಲ್‌ಗೆ, ಎಂದಿದೆ.
ಓಸ್ಲಾ ರೆಂಡಲ್ ಅವನಿಗೆ ಏನೂ ಆಗಬೇಕಿಲ್ಲ.

ಏರ್, ಎಂದು ಮೊದಲು ಹೊಡೆದೆ. ಚಿಕ್ಕ ಪದ, ಜಾಗ ಉಳಿಸುತ್ತದೆ.
ಬರೆಯುವಾಗ ಮುಂದೊಂದು ಎಚ್ ಇದೆ,
ಬಾಯಿಗೆ ಬರುವಾಗ ಇಲ್ಲ.
ತೀರಿಕೊಂಡವನೂ ಹಾಗೆಯೇ, ಬಾಗಿಲಲ್ಲಿ ನಿಂತು
ತುಟಿ ಬಿಚ್ಚದೆ ಮಿಕ್ಕವರನ್ನು ಒಳಗೆ ಬಿಡುತ್ತಾನೆ.
ಗಟ್ಟಿಯಾಗಿ ಓದಿದರೆ ಗಾಳಿ ಎಂದೇ ಕೇಳುತ್ತದೆ;
ಈ ದ್ವೀಪದಲ್ಲಿ ಗಾಳಿಗೇನು ಬರ,
ಯಾರೂ ಯಾರಿಗೂ ಬರೆದುಕೊಡಬೇಕಿಲ್ಲ.
ಆದರೆ ಆ ಪದ ರಕ್ತ ಕೇಳುತ್ತದೆ. ಅಳಿಸಿದೆ.

ಬೆನಿಫಿಷಿಯರಿ. ಲಾಭ ಪಡೆಯುವವಳು.
ಬಾಡಿಗೆ ಬಾಕಿಯ ಚೀಟಿ ನೋಡಿದೆ, ನಗು ಬಂತು.
ಸಕ್ಸೆಸರ್ ಎಂದರೆ ಸಿಂಹಾಸನ ಬೇಕು, ಕಡೆಗೊಂದು ಕುರ್ಚಿ;
ಅವನು ಕೂರುತ್ತಿದ್ದದ್ದು ಮೀನಿನ ಪೆಟ್ಟಿಗೆ ಬೋರಲು ಹಾಕಿ.
ಇನ್‌ಹೆರಿಟರ್? ವಕೀಲರು ಕನ್ನಡಕದ ಮೇಲಿಂದ ನೋಡಿದರು:
ಅದು ಭಾನುವಾರದ ಪದ, ಈವತ್ತು ಮಂಗಳವಾರ.

ನಾಲ್ಕೂವರೆಗೆ ಅವಳೇ ಬಂದಳು, ಕೋಟಿನ ತುಂಬ ಹನಿ.
ನೀವು ಅವರಿಗೆ ಏನಾಗಬೇಕು? ಕೇಳಿದೆ, ಕೇಳಲೇಬೇಕಾದದ್ದು.
ಯೋಚಿಸಿದಳು, ನಾನು ಬೆಳಗಿನಿಂದ ಯೋಚಿಸಿದಷ್ಟೂ.
'ಅವನು ಹುಟ್ಟು ಹಾಕುತ್ತಿದ್ದ.
ನಾನು ನೀರು ಎತ್ತಿ ಚೆಲ್ಲುತ್ತಿದ್ದೆ. ಒಂಬತ್ತನೆಯ ವಯಸ್ಸಿನಿಂದ.'

ಹುಟ್ಟಿನ ನಂಟಲ್ಲ ಹಾಗಾದರೆ, ಹುಟ್ಟುಗೋಲಿನದು.
ಅದಕ್ಕೆ ದೋಣಿಯವರ ಬಾಯಲ್ಲಿ ಪದವಿದೆಯೇನೋ, ಕಾನೂನಿನಲ್ಲಿಲ್ಲ.
ಲೆಗಟೀ ಎಂದೇ ಹೊಡೆದೆ. ಒಣ ಪದ,
ಸೋರುವುದಿಲ್ಲ, ವಕೀಲರಿಗೆ ಅಷ್ಟು ಸಾಕು.
ಸಹಿಗೆ ಮುನ್ನ ಅಲ್ಲೇ ಬೆರಳಿಟ್ಟು ಕೇಳಿದಳು:
'ಕೊನೆಗೆ ಇ ಎರಡು ಬೇಕೇ?'
ಬೇಕು, ಎಂದೆ. ಎರಡು.

ಪಟ್ಟಿಯನ್ನು ತಿರುವಿ ನೋಡಿದಳು, ಮತ್ತೆ ತಿರುವಿದಳು.
'ತಗಡಿನ ಡಬ್ಬ ಇದರಲ್ಲಿಲ್ಲ.'
ಯಾವ ಡಬ್ಬ?
'ಬಣ್ಣದ ಡಬ್ಬ. ನೀರು ಎತ್ತುವುದು.
ನನ್ನ ಹತ್ತಿರವೇ ಇದೆ. ಆದರೆ ಅವನದು.'

ಐದರ ಹಡಗು ಕೂಗಿತು.
ಪೆನ್ನು ತೆಗೆದು ಅಂಚಿನಲ್ಲಿ ಕೈಬರಹದಲ್ಲೇ ಸೇರಿಸಿದೆ:
ಡಬ್ಬ, ಒಂದು.
ಬೆಲೆಯ ಕಾಲಂ ಖಾಲಿ ಬಿಟ್ಟೆ.